ಇಳಿದುಹೋದ ಅಭ್ಯರ್ಥಿ

ನವೆಂಬರ್ 6, ಬುಧವಾರ

ಇವತ್ತಿನಿಂದ ಓಟ ಶುರು. ಆರೋಗ್ಯಕ್ಕೆ ಅಂತ ಅಲ್ಲ. ಶುಗರ್ ಇದೆ, ದಿನಾ ನಡೀರಿ ಅಂತ ಡಾಕ್ಟರು ಹೇಳಿ ಎರಡು ವರ್ಷವಾಯಿತು. ಆಗ ನಡೆಯದವನು ಈಗ ಓಡಬೇಕಾದರೆ ಬೇರೆ ಕಾರಣ ಬೇಕಲ್ಲ. ಇದೆ. ಫೆಬ್ರವರಿಯಲ್ಲಿ ನಮ್ಮ ಪೇಟೆಯ ವರ್ತಕರ ಸಂಘಕ್ಕೆ ಅಧ್ಯಕ್ಷರ ಚುನಾವಣೆ. ನಿಲ್ಲುವವರು ಇಬ್ಬರೇ. ಒಬ್ಬ ನಾನು, ಇನ್ನೊಬ್ಬರು ಸಿಮೆಂಟ್ ಅಂಗಡಿಯ ಏಕಾಂತಪ್ಪ. ಅವರು ಕುರ್ಚಿಯಿಂದ ಏಳಬೇಕಾದರೆ ಮೊದಲು ಎರಡೂ ಮಂಡಿಗೆ ಕೈ ಊರಿ 'ಶಿವಾ' ಅನ್ನಬೇಕು, ಆಮೇಲೆ ಯಾರಾದರೂ ತೋಳು ಕೊಡಬೇಕು. ಅಂಥವರ ಎದುರು ನಾನು ಬೆಳಿಗ್ಗೆ ಪೇಟೆ ಬೀದಿಯಲ್ಲಿ ಓಡಿದರೆ ಸಾಕು. ಭಾಷಣ ಬೇಡ, ಬ್ಯಾನರು ಬೇಡ. ಎರಡು ಮಾಲು ಪಕ್ಕಪಕ್ಕ ಇಟ್ಟರೆ ಗಿರಾಕಿ ತಾನೇ ತೀರ್ಮಾನ ಮಾಡುತ್ತಾನೆ.

ಸಂಘದ ಹಾಲಿನ ಗೋಡೆಯಲ್ಲಿ ಹಳೇ ಅಧ್ಯಕ್ಷರ ಫೋಟೋಗಳು ಸಾಲಾಗಿವೆ. ಎಲ್ಲರೂ ಇಲ್ಲೇ ಹುಟ್ಟಿದವರು, ಎಲ್ಲರದ್ದೂ ತುಂಬಿದ ಕೆನ್ನೆ. ನಾನು ಕಡೂರಿನ ಕಡೆಯಿಂದ ಒಂದು ಕೈಚೀಲ ಹಿಡಿದು ಬಂದು, ಔಷಧಿ ಹೊಡೆಯುವ ಪಂಪು, ಟಾರ್ಪಾಲು, ಕಳೆ ಕೊಚ್ಚುವ ಮೆಷಿನ್ನು ಮಾರಿ ಮನುಷ್ಯನಾದವನು. ಇವತ್ತಿಗೂ 'ಬಯಲುಸೀಮೆ ಹಾಲೇಶಪ್ಪ' ಅಂತಲೇ ಕರೆಯುತ್ತಾರೆ. ಕೊನೇ ಫೋಟೋದ ಪಕ್ಕ ಒಂದು ಖಾಲಿ ಮೊಳೆ ಇದೆ. ಮೀಟಿಂಗಿನಲ್ಲಿ ಕೂತಾಗ ನನ್ನ ಕಣ್ಣು ಬೇರೆ ಎಲ್ಲೂ ಹೋಗುವುದಿಲ್ಲ.

ಮೊದಲ ದಿನ ಹ್ಯಾಂಡ್‌ಪೋಸ್ಟ್ ಸರ್ಕಲ್ ತನಕ ಅಂತ ಹೊರಟವನು ಪೆಟ್ರೋಲ್ ಬಂಕಿನ ಕಟ್ಟೆ ಮೇಲೆ ಕೂತುಬಿಟ್ಟೆ. ನೋಡಿದವನು ಒಬ್ಬ ಹಾಲಿನವನು. ಅವನಿಗೆ ವೋಟಿಲ್ಲ.

ನವೆಂಬರ್ 9, ಶನಿವಾರ

ಓಡುವುದಕ್ಕೆ ಕಾಲು ಅಡ್ಡಿಯಲ್ಲ. ಜೀಪುಗಳು ಅಡ್ಡಿ.

ನಮ್ಮ ಕಡೆ ಗುರುತಿನವರು ರಸ್ತೆಯಲ್ಲಿ ಕಾಲ್ನಡಿಗೆಯಲ್ಲಿ ಕಂಡರೆ ಜೀಪು ನಿಲ್ಲಿಸದೆ ಹೋಗುವುದು ಅಂದರೆ ಜಗಳ ಇದೆ ಅಂತ ಅರ್ಥ. ಹತ್ತಿ ಅಂದಾಗ ಹತ್ತದಿರುವುದು ಅಂದರೆ ಆ ಜಗಳ ಕೋರ್ಟಿಗೆ ಹೋಗಿದೆ ಅಂತ ಅರ್ಥ. ಅದರಲ್ಲೂ ಈ ವರ್ಷ ಕಾಫಿಗೆ ಯಾರೂ ಕಂಡರಿಯದ ರೇಟು ಬಂದಿದೆ. ಎಲ್ಲರ ಹತ್ತಿರವೂ ಹೊಸ ಗಾಡಿ, ಹತ್ತಿಸಿಕೊಳ್ಳಲು ಜನ ಸಿಗುತ್ತಿಲ್ಲ.

ಇವತ್ತು ಸಿಕ್ಕವರು ತಿಮ್ಮಪ್ಪಗೌಡರು. ತೋಟವೂ ಇದೆ, ಪೇಟೆಯಲ್ಲಿ ಕಾಫಿ ಖರೀದಿ ಡಿಪೋವೂ ಇದೆ, ಆದ್ದರಿಂದ ಸಂಘದಲ್ಲಿ ವೋಟೂ ಇದೆ.

"ಹತ್ತಿ ಹಾಲೇಶಪ್ಪ."

"ಬೇಡ ಗೌಡ್ರೆ, ಓಡ್ತಾ ಇದೀನಿ."

"ಅದು ಕಾಣ್ತಿದೆಯಲ್ಲ ಮಾರಾಯ್ರೆ. ಎಲ್ಲಿಗೆ?"

"ಎಲ್ಲಿಗೂ ಅಲ್ಲ. ಹೀಗೆ ಹೋಗಿ ವಾಪಸ್ ಬರೋದು."

"ಅಷ್ಟೇ ತಾನೆ? ಹತ್ತಿ, ನಾನೇ ಕರ್ಕೊಂಡು ಹೋಗಿ ವಾಪಸ್ ಬಿಡ್ತೀನಿ."

ಹತ್ತಿದೆ. ಗೌಡರ ಮನೆಯಲ್ಲಿ ಅಕ್ಕಿರೊಟ್ಟಿ, ಬೆಣ್ಣೆ, ಕಾಯಿಚಟ್ನಿ. ಓಡಿದ್ದಕ್ಕಿಂತ ತಿಂದದ್ದು ಜಾಸ್ತಿಯಾಯಿತು. ಆದರೆ ವೋಟು ಉಳಿಯಿತು.

ನವೆಂಬರ್ 24, ಭಾನುವಾರ

ಕಾಲೇಜಿನ ಪಿ.ಟಿ. ಮೇಡಂ ರೂಪಶ್ರೀ ಅಂತ ಒಬ್ಬರಿದ್ದಾರೆ. ಅವರೂ ಬೆಳಿಗ್ಗೆ ಓಡುತ್ತಾರೆ. ಫೆಬ್ರವರಿ ಎರಡನೇ ತಾರೀಖು ಹತ್ತು ಕಿಲೋಮೀಟರಿನ ಓಟದ ಸ್ಪರ್ಧೆ ಇಡುತ್ತಿದ್ದಾರಂತೆ, ನನ್ನ ಹೆಸರೂ ಬರೆದುಕೊಂಡರು. ಚುನಾವಣೆಗೆ ಒಂದು ವಾರ ಮೊದಲು! ಇದಕ್ಕಿಂತ ಒಳ್ಳೆ ಪ್ರಚಾರ ಎಲ್ಲಿ ಸಿಗುತ್ತೆ?

ಜೀಪಿನ ಕಷ್ಟ ಹೇಳಿಕೊಂಡೆ. "ನಿಲ್ಲಲೇಬೇಡಿ ಸರ್. ಕೈ ಮುಗೀತಾ ಓಡ್ತಾ ಇರಿ," ಅಂದರು. ಮಾಡಿ ನೋಡಿದೆ. ಅಭ್ಯರ್ಥಿಗೆ ಹೇಳಿ ಮಾಡಿಸಿದ ಉಪಾಯ. ಆದರೆ ಮೂರು ಜನ ಮುಖ ಸಿಂಡರಿಸಿಕೊಂಡು ಹೋದರು. ಅದರಲ್ಲಿ ಎರಡು ವೋಟು.

ಡಿಸೆಂಬರ್ 3, ಮಂಗಳವಾರ

ಬಣಕಲ್ ಕಡೆಯಿಂದ ಕಾಫಿ ಹಣ್ಣು ಕೊಯ್ಲಿನ ಹೆಂಗಸರನ್ನು ತುಂಬಿಕೊಂಡು ಬರುತ್ತಿದ್ದ ಜೀಪು, ತಿರುವಿನಲ್ಲಿ ನಾನು ಓಡಿ ಬರುತ್ತಿರುವುದನ್ನು ನೋಡಿದ್ದೇ ಅಲ್ಲೇ ತಿರುಗಿಸಿಕೊಂಡು ಹೋಯಿತು. ನನ್ನ ಹಿಂದೆ ಆನೆ ಇದೆ ಅಂತ. ಈ ರಸ್ತೆಯಲ್ಲಿ ನನ್ನ ವಯಸ್ಸಿನವನು ಓಡಲು ಅವರಿಗೆ ಬೇರೆ ಕಾರಣ ಹೊಳೆಯಲಿಲ್ಲ. ನಾನು ಮನೆ ಮುಟ್ಟುವಷ್ಟರಲ್ಲಿ ಆನೆ ಮಾಹಿತಿ ವಾಟ್ಸಾಪ್ ಗುಂಪಿನಲ್ಲಿ ಒಂಟಿ ಸಲಗ ಅಂತ ಬಂದಿತ್ತು. ಎರಡು ತೋಟದಲ್ಲಿ ಕೊಯ್ಲು ನಿಂತಿತಂತೆ. ನಾನೇ ಆ ಸಲಗ ಅಂತ ಗುಂಪಿನಲ್ಲಿ ಹಾಕಲು ಧೈರ್ಯವಾಗಲಿಲ್ಲ.

ಡಿಸೆಂಬರ್ 19, ಗುರುವಾರ

ಪ್ಯಾಂಟಿನ ಬೆಲ್ಟಿಗೆ ಹೊಸ ತೂತು ಹೊಡೆಸಿದೆ. ಖುಷಿಯಾಗಿ ಪೇಟೆಗೆ ಹೋದರೆ ಎಲ್ಲರದ್ದೂ ಒಂದೇ ಮಾತು.

"ಎಂತ ಹಾಲೇಶಪ್ಪ, ಇಷ್ಟು ಇಳಿದು ಹೋಗಿದೀರಿ?"

"ಓಡ್ತಾ ಇದೀನಲ್ಲ."

"ಹೌದೌದು, ಕೇಳಿದೆ. ಡಾಕ್ಟರು ಓಡೋಕೆ ಹೇಳಿದಾರಾ, ಪಾಪ."

ನನ್ನ ಲೆಕ್ಕ ತಲೆಕೆಳಗಾಗುತ್ತಿದೆ. ಈ ಊರಿನಲ್ಲಿ ಮನುಷ್ಯ ಇಳಿಯುವುದಕ್ಕೆ ಎರಡೇ ಕಾರಣ. ಒಂದೋ ವ್ಯಾಪಾರ ಮುಳುಗಿರಬೇಕು, ಇಲ್ಲಾ ಒಳಗೆ ಏನೋ ಬೆಳೆದಿರಬೇಕು. ಈ ವರ್ಷದ ಕಾಫಿ ರೇಟಿನಲ್ಲಿ ಪಂಪಿನ ವ್ಯಾಪಾರ ಮುಳುಗುವುದು ಸಾಧ್ಯವೇ ಇಲ್ಲ. ಆದ್ದರಿಂದ ಊರು ಎರಡನೆಯದನ್ನು ಆರಿಸಿಕೊಂಡಿದೆ. ಏಕಾಂತಪ್ಪನವರ ಹೊಟ್ಟೆ ಮಾತ್ರ ಬ್ಯಾಂಕಿನ ಠೇವಣಿಯ ಹಾಗೆ ದಿನದಿಂದ ದಿನಕ್ಕೆ ನಂಬಿಕೆ ಹುಟ್ಟಿಸುತ್ತಿದೆ.

ಜನವರಿ 5, ಭಾನುವಾರ

ಅಂಗಡಿಗೆ ಜನ ಬರುತ್ತಿದ್ದಾರೆ. ಕೊಳ್ಳುವುದಕ್ಕಲ್ಲ, ನೋಡುವುದಕ್ಕೆ. ಬರುವಾಗ ಜೇನುತುಪ್ಪ, ಕಷಾಯದ ಪುಡಿ, ಆಲ್ದೂರಿನ ಯಾವುದೋ ನಾಟಿ ವೈದ್ಯರ ಬೇರು. ಔಷಧಿ ಅಂಗಡಿಯ ಪುಟ್ಟಸ್ವಾಮಿ ನಾಲ್ಕು ವರ್ಷದ ಹಿಂದೆ ಒಯ್ದ ನನ್ನ ಏಣಿಯನ್ನು ತಾನೇ ಹೊತ್ತು ತಂದು ಗೋಡೆಗೆ ಒರಗಿಸಿ, ನನ್ನ ಮುಖ ನೋಡದೆ ಹೋದ. ಹೋಗುವವನ ಸಾಮಾನು ಮನೆಯಲ್ಲಿ ಇಟ್ಟುಕೊಳ್ಳಬಾರದು ಅಂತ ಅವನ ಹೆಂಡತಿ ಹೇಳಿರಬೇಕು.

ಒಂದು ವಿಷಯ ಗಮನಿಸಿದೆ. ಜೀಪು ಹತ್ತಲಿಲ್ಲ ಅಂತ ಮುನಿಸಿಕೊಂಡಿದ್ದವರೆಲ್ಲ ಈಗ ತಾವಾಗಿಯೇ ನಮಸ್ಕಾರ ಹೇಳುತ್ತಿದ್ದಾರೆ. ಹೋದ ವೋಟುಗಳು ಸಾಲಾಗಿ ವಾಪಸ್ ಬರುತ್ತಿವೆ. ಸರಿಯಾಗಿದ್ದೀನಿ ಅಂತ ಹೇಳಬೇಕು ಅಂತ ಬಾಯಿ ತೆರೆಯುತ್ತೇನೆ. ಆಮೇಲೆ, ನಾಳೆ ಹೇಳಿದರಾಯಿತು ಅನಿಸುತ್ತೆ.

ಜನವರಿ 14, ಮಂಗಳವಾರ, ಸಂಕ್ರಾಂತಿ

ಎಳ್ಳುಬೆಲ್ಲದ ಜೊತೆಗೆ ಮೂಸಂಬಿ ಹಿಡಿದುಕೊಂಡು ಏಕಾಂತಪ್ಪನವರೇ ಮನೆಗೆ ಬಂದರು. ಮೂಸಂಬಿ ನೋಡಿದಾಗಲೇ ಗೊತ್ತಾಯಿತು. ಗಟ್ಟಿ ಇರುವವರ ಮನೆಗೆ ಯಾರೂ ಅದನ್ನು ತರುವುದಿಲ್ಲ.

ಕೂತರು. ಕಣ್ಣು ತುಂಬಿಕೊಂಡರು. ಅವರಿಗೆ ಕಣ್ಣೀರು ಬೇಗ. ಸಿಮೆಂಟಿನ ಲಾರಿ ಮಳೆಯಲ್ಲಿ ನೆಂದರೂ ಅಳುತ್ತಾರೆ.

"ಹಾಲೇಶಪ್ಪನವ್ರೇ, ನಾಮಪತ್ರ ಇಬ್ರೂ ಹಾಕೋಣ. ವಾಪಸ್ ತಗೊಳ್ಳೋಕೆ ಫೆಬ್ರವರಿ ಮೂರು ಕಡೇ ದಿನ. ಅವತ್ತು ನಾನು ತಗೊಂಡುಬಿಡ್ತೀನಿ. ನಾನು ಮುಂದಿನ ಸಲ ಆಗ್ತೀನಿ, ನಂಗೇನು ಅವಸರ? ನಿಮ್ಮ ಫೋಟೋ ಒಂದು ಆ ಗೋಡೆ ಮೇಲೆ ಇರ್ಲಿ."

ಈಗ ಹೇಳಬೇಕಿತ್ತು. ಶುಗರ್ ಬಿಟ್ಟರೆ ನನಗೆ ಏನೂ ಇಲ್ಲ, ಅದೂ ಹಿಡಿತಕ್ಕೆ ಬಂದಿದೆ ಅಂತ. ಬಾಯಿ ತೆರೆದೆ. ಒಂದು ಸಣ್ಣ ಕೆಮ್ಮು ಬಂತು. ತಾನಾಗೇ ಬಂತು ಅಂತ ಇಲ್ಲಿ ಬರೆದುಕೊಳ್ಳೋಣ. ಏಕಾಂತಪ್ಪನವರು ಮುಖ ಮುಚ್ಚಿಕೊಂಡು ಅತ್ತರು.

ಜನವರಿ 20, ಸೋಮವಾರ

ಇನ್ನು ಪೇಟೆಯಲ್ಲಿ ಓಡುವ ಹಾಗಿಲ್ಲ. ನಿಲ್ಲಿಸಿಬಿಡುವುದೂ ಆಗದು. ನಿಲ್ಲಿಸಿದರೆ ಮೈ ತುಂಬಿಕೊಳ್ಳುತ್ತೇನೆ, ಆಗ ಕಾಯಿಲೆ ವಾಸಿಯಾಯಿತು ಅಂತಾಗುತ್ತೆ. ಆದ್ದರಿಂದ ಓಡಲೇಬೇಕು, ಯಾರಿಗೂ ಕಾಣದ ಹಾಗೆ. ಲೆಕ್ಕ ಸರಿಯಾಗಿದೆ.

ಗೌಡರ ತೋಟದ ಹಿಂದಿನ ಮಣ್ಣು ರಸ್ತೆ ಹಿಡಿದೆ. ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಮನೆಯ ಹುಳಿ ವಾಸನೆ, ಆಮೇಲೆ ಸೌದೆ ಹೊಗೆ, ಆಮೇಲೆ ಏನೂ ಇಲ್ಲ, ಬರೀ ತಣ್ಣಗಿನ ಗಾಳಿ. ಮಂಜಿನಲ್ಲಿ ಸಿಲ್ವರ್ ಓಕ್ ಮರಗಳ ಬುಡ ಮಾತ್ರ ಕಾಣುತ್ತವೆ. ನನ್ನ ಹೆಜ್ಜೆ ಸಪ್ಪಳ ನನಗೇ ಬೇರೆ ಯಾರದ್ದೋ ಅನಿಸಿತು, ಹಿಂದೆ ತಿರುಗಿ ನೋಡಿದೆ. ಕಣಿವೆಯ ಆ ಕಡೆ ಬಿಸಿಲು ಬೀಳುವ ತನಕ ಹೋಗಿ ಅಲ್ಲಿಂದ ತಿರುಗಿದೆ. ಅಂಗಡಿ ತೆಗೆಯುವುದು ತಡವಾಯಿತು.

ಜನವರಿ 21, ಮಂಗಳವಾರ

ಅದೇ ರಸ್ತೆ. ಒಂದು ಕಾಡುಕೋಳಿ ಸ್ವಲ್ಪ ದೂರ ಮುಂದೆ ಮುಂದೆ ಓಡಿತು.

ಜನವರಿ 24, ಶುಕ್ರವಾರ

ರಾತ್ರಿ ಊಟಕ್ಕೆ ಬಡಿಸಿ ಹೆಂಡತಿ ರುದ್ರಾಣಿ ಎದುರಿಗೇ ಕೂತಳು.

"ರೀ, ನಂಗಾದ್ರೂ ನಿಜ ಹೇಳಿ. ಎಲ್ಲಿ ಬಂದಿದೆ? ಹೊಟ್ಟೇಲಾ, ಗಂಟಲಲ್ಲಾ?"

ತುತ್ತು ಕೈಯಲ್ಲೇ ನಿಂತಿತು. ಊರು ನಂಬಲಿ ಅಂತ ಸುಮ್ಮನಿದ್ದೆ, ಮನೆ ನಂಬಿದ್ದು ನನಗೆ ಗೊತ್ತೇ ಇರಲಿಲ್ಲ. ಬೆಳಗಿನ ಜಾವ ನಾನು ಕದ್ದು ಹೋಗುವುದು ಯಾವುದೋ ಆಸ್ಪತ್ರೆಗೆ ಅಂತ ಅಂದುಕೊಂಡಿದ್ದಳಂತೆ. ಹೋದ ವಾರದ ರಕ್ತದ ರಿಪೋರ್ಟು ತಂದು ತೋರಿಸಿದೆ. ಶುಗರ್ ಇಳಿದಿದೆ, ಉಳಿದದ್ದೆಲ್ಲ ನೆಟ್ಟಗಿದೆ. ಮೊದಲು ಅತ್ತಳು. ಆಮೇಲೆ ಏಕಾಂತಪ್ಪನವರ ವಿಷಯ ಹೇಳಿದೆ. ಅಳು ನಿಂತಿತು.

"ಒಂದು ಫೋಟೋಗೆ ಊರಿನ ಮುಂದೆಲ್ಲ ಸಾಯೋನ ವೇಷ ಹಾಕಿದೀರಾ? ನನ್ನ ಪಾಡು ಯೋಚನೆ ಮಾಡಿದೀರಾ? ನಿನ್ನೆ ಮಠದ ಹತ್ರ ಪಕ್ಕದ್ಮನೆ ಪ್ರೇಮಕುಮಾರಿ ನನ್ನ ಕೈ ಹಿಡ್ಕೊಂಡು 'ಧೈರ್ಯ ತಂದ್ಕೊಳ್ಳಿ ಅಕ್ಕಾ' ಅಂದ್ಲು. ಮಾತು ನನ್ನ ಜೊತೆ, ಕಣ್ಣು ನನ್ನ ಬಳೆ ಮೇಲೆ."

"ಮೂರನೇ ತಾರೀಖಿನ ತನಕ ತಡ್ಕೊ. ಆಮೇಲೆ ಹುಷಾರಾದೆ ಅಂತ ಹೇಳಿದ್ರೆ ಆಯ್ತು."

"ನೀವು ತಡ್ಕೊಳ್ಳಿ. ನಂಗೆ ಆ ನೋಟ ತಡಿಯೋಕೆ ಆಗಲ್ಲ." ತಟ್ಟೆ ಎತ್ತಿಕೊಂಡು ಹೋದಳು. ನನ್ನದು ಇನ್ನೂ ಅರ್ಧ ಊಟ ಇತ್ತು.

ಫೆಬ್ರವರಿ 1, ಶನಿವಾರ

ರೂಪಶ್ರೀ ಮೇಡಂಗೆ ಫೋನ್ ಮಾಡಿ ನಾಳೆ ಓಡುವುದಿಲ್ಲ ಅಂತ ಹೇಳಿದೆ. ಅವರು ಬೇಜಾರಾಗಿ, ಹಾಗಾದರೆ ಅತಿಥಿಯಾಗಿ ವೇದಿಕೆ ಮೇಲೆ ಕೂತ್ಕೊಳ್ಳಿ, ಏಕಾಂತಪ್ಪನವರನ್ನೂ ಕರೆದಿದೀವಿ ಅಂದರು. ಒಳ್ಳೆಯದೇ. ಬಿಳಿ ಶರ್ಟು, ಕಪ್ಪು ಬೂಟು, ಕತ್ತಿಗೆ ಮಫ್ಲರ್. ಒಂದು ದಿನ ಕೂತರೆ ಮುಗಿಯಿತು.

ಫೆಬ್ರವರಿ 2, ಭಾನುವಾರ

ಮೈದಾನದ ತುಂಬ ಜನ. ಓಡುವವರಲ್ಲಿ ಅರ್ಧ ಜನ, ಮೈದಾನದ ಆಚೆ ಬದಿಯ ಮನೆಯಿಂದ ಈಚೆ ಬದಿಗೆ ಕಾರಿನಲ್ಲಿ ಬಂದಿದ್ದರು. ಬಣ್ಣಬಣ್ಣದ ಬೂಟು, ಕೈಯಲ್ಲಿ ಎದೆ ಬಡಿತ ಹೇಳುವ ವಾಚು. ವೇದಿಕೆಯಲ್ಲಿ ನಾನು ಮಧ್ಯ, ಒಂದು ಪಕ್ಕ ತಿಮ್ಮಪ್ಪಗೌಡರು, ಇನ್ನೊಂದು ಪಕ್ಕ ಏಕಾಂತಪ್ಪನವರು. ನನಗೆ ಶಾಲು ಹೊದಿಸಿದರು. ಚಪ್ಪಾಳೆ ಮೆಲ್ಲಗೆ ಬಂತು, ಆಸ್ಪತ್ರೆಯಲ್ಲಿ ಮಾತಾಡುವ ಹಾಗೆ.

ಹೆಂಗಸರ ಸಾಲಿನಲ್ಲಿ ರುದ್ರಾಣಿ ಕಂಡಳು. ಪ್ರೇಮಕುಮಾರಿ ಅವಳ ಹೆಗಲ ಮೇಲೆ ಕೈ ಇಟ್ಟುಕೊಂಡೇ ನಿಂತಿದ್ದರು. ಆ ಕೈಯನ್ನು ನನ್ನ ಹೆಂಡತಿ ತೆಗೆಯಲೂ ಆಗದೆ, ಹೊರಲೂ ಆಗದೆ ನೆಲ ನೋಡುತ್ತಿದ್ದಳು.

ಮೇಡಂ ಸೀಟಿ ಊದಿದರು. ಎಲ್ಲರೂ ಹೊರಟರು. ಬಾವುಟ ಬೀಸಬೇಕಾದವನು ನಾನು. ಬೀಸಿದೆ. ಆಮೇಲೆ ಬಾವುಟವನ್ನು ಗೌಡರ ಕೈಗೆ ಕೊಟ್ಟೆ, ಮೆಟ್ಟಿಲಿಳಿದೆ, ಓಡಿದೆ.

ಬಣಕಲ್ ರಸ್ತೆಗೆ ತಿರುಗುವಷ್ಟರಲ್ಲಿ ಜೀಪು ಬಂತು. ಸ್ಟೇರಿಂಗ್ ಹಿಡಿದವರು ಗೌಡರು, ಬಾಗಿಲು ತೆರೆದುಕೊಂಡು ಹೊರಗೆ ಬಾಗಿದವರು ಏಕಾಂತಪ್ಪ.

"ಹಾಲೇಶಪ್ಪನವ್ರೇ, ಬೇಡ! ಹತ್ತಿ! ಕಡೇ ಆಸೆ ಅಂತಿದ್ರೆ ಜೀಪಲ್ಲೇ ಪೂರ್ತಿ ಸುತ್ತಿಸ್ತೀವಿ."

"ನಂಗೇನೂ ಆಗಿಲ್ಲ ಏಕಾಂತಪ್ಪನವ್ರೇ."

"ಗೊತ್ತು, ಗೊತ್ತು. ನಮ್ಮಣ್ಣನೂ ಹಿಂಗೇ ಅಂದಿದ್ದ."

"ನಿಜವಾಗ್ಲೂ ಏನೂ ಇಲ್ಲ ಮಾರಾಯ್ರೆ! ಬರೀ ಶುಗರು!"

"ಹಠ ಮಾಡ್ಬೇಡಿ. ನಾಳೆ ನಾನು ನಾಮಪತ್ರ ವಾಪಸ್ ತಗೊಳ್ಳೋದು ನೋಡೋಕಾದ್ರೂ ನೀವಿರ್ಬೇಕಲ್ವಾ?" ಅಳುತ್ತಿದ್ದರು. ಗೌಡರೂ ಮೂಗು ಒರೆಸಿಕೊಂಡರು.

ಎದುರಿಗೆ ದೊಡ್ಡ ಏರು. ಜೀಪಿನ ಬಾಗಿಲು ನನ್ನ ಮೊಣಕೈಗೆ ತಾಗುವಷ್ಟು ಹತ್ತಿರ. ಹತ್ತಿದರೆ ಮೊಳೆ ನನ್ನದು. ಒಂದು ಕಾಲೆತ್ತಿ ಇಡುವ ಕೆಲಸ, ಅಷ್ಟೇ. ಹತ್ತಲಿಲ್ಲ. ಯಾಕೆ ಅಂತ ಈಗ ಕೂತು ಯೋಚಿಸಿದರೂ ನೆಟ್ಟಗೆ ಉತ್ತರ ಸಿಗುತ್ತಿಲ್ಲ. ಉಸಿರು ಆಗಷ್ಟೇ ಹದಕ್ಕೆ ಬಂದಿತ್ತು, ಕೆಡಿಸಲು ಮನಸ್ಸಾಗಲಿಲ್ಲ ಅಂತ ಕಾಣುತ್ತೆ.

ಏರಿನ ತುದಿಯಲ್ಲಿ ವಾಚು ಕಟ್ಟಿದವರಿಬ್ಬರು ಸೊಂಟ ಹಿಡಿದು ನಿಂತಿದ್ದರು. ಅವರನ್ನು ದಾಟಿದೆ. ಜೀಪು ಇನ್ನೂ ಪಕ್ಕದಲ್ಲೇ ಗುರುಗುಡುತ್ತಿತ್ತು.

"ಗೌಡ್ರೆ, ಹೊಗೆ ಮೂಗಿಗೆ ಹೊಡೀತಿದೆ. ಒಂಚೂರು ಮುಂದೆ ಹೋಗಿ," ಅಂದೆ.

ಅಲ್ಲಿಗೆ ಮುಗಿಯಿತು. ಸಾಯುವವನು ಹೊಗೆಯ ದೂರು ಹೇಳುವುದಿಲ್ಲ. ಏಕಾಂತಪ್ಪನವರ ಅಳು ನಿಂತಿತು. ನನ್ನ ಕಾಲು ನೋಡಿದರು, ಎದೆ ನೋಡಿದರು, ಹಿಂದೆ ಉಳಿದ ಏರು ನೋಡಿದರು. ಮುಖದಲ್ಲಿ ಕೂಡುವುದು ಕಳೆಯುವುದು ಶುರುವಾಯಿತು. "ಗೌಡ್ರೆ, ನಡೀರಿ," ಅಂದರು. ಬಾಗಿಲು ಹಾಕಿದ ಸದ್ದು ಕಣಿವೆಗೆಲ್ಲ ಕೇಳಿರಬೇಕು.

ಓಟ ಮುಗಿಸಿ ಮೈದಾನಕ್ಕೆ ಬಂದಾಗ ರುದ್ರಾಣಿ ಹೆಗಲ ಮೇಲಿನ ಕೈ ಸರಿಸಿ ಎದುರಿಗೆ ಬಂದಳು. "ಆ ಬೂಟು ಮದುವೆ ಮನೆಗೆ ಅಂತ ತಂದಿದ್ದು. ಅಡಿ ಕಿತ್ಕೊಂಡು ಬಂದಿದೀರಲ್ಲ, ಬುದ್ಧಿ ಬೇಡ್ವಾ?" ಅಂತ ಎಲ್ಲರಿಗೂ ಕೇಳುವ ಹಾಗೆ ಬೈದಳು. ಇನ್ನೂ ಅನುಮಾನ ಇದ್ದವರಿಗೂ ಖಾತ್ರಿಯಾಯಿತು. ಹೋಗುವ ಗಂಡನನ್ನು ಯಾರೂ ಹಾಗೆ ಬೈಯುವುದಿಲ್ಲ.

ಫೆಬ್ರವರಿ 3, ಸೋಮವಾರ

ಏಕಾಂತಪ್ಪನವರು ವಾಪಸ್ ತೆಗೆದುಕೊಳ್ಳಲಿಲ್ಲ.

ಫೆಬ್ರವರಿ 5, ಬುಧವಾರ

ಊರು ನನ್ನ ಮೇಲೆ ಸಿಟ್ಟಾಗಿದೆ. ಜೀಪುಗಳು ಈಗ ನಿಲ್ಲುವುದಿಲ್ಲ, ಓಡುವುದಕ್ಕೆ ಅನುಕೂಲ. ಪುಟ್ಟಸ್ವಾಮಿ ಬಂದು ಏಣಿ ವಾಪಸ್ ಒಯ್ದ.

ಫೆಬ್ರವರಿ 9, ಭಾನುವಾರ

ಸೋತೆ. ಕೆಟ್ಟದಾಗಿಯೇ ಸೋತೆ. ಮೂರು ತಿಂಗಳ ಹಿಂದೆ ನಾನು ಓಡದೆ ಅಂಗಡಿಯಲ್ಲೇ ಕೂತಿದ್ದರೆ ಗೆಲ್ಲುತ್ತಿದ್ದೆ ಅಂತ ಗೌಡರು ಸಮಾಧಾನ ಹೇಳಿದರು. ಸಂಘದ ಗೋಡೆಯಲ್ಲಿ ಮೊಳೆಯ ಅಳತೆ ನೋಡಲು ಫೋಟೋದವನು ಆಗಲೇ ಬಂದಿದ್ದ.

ಬೆಳಿಗ್ಗೆ ಮಣ್ಣು ರಸ್ತೆಯಲ್ಲಿ ಹೋಗಿದ್ದೆ. ತೋಟದವರು ಸ್ಪ್ರಿಂಕ್ಲರ್ ಹಾಕಿದ್ದಾರೆ. ನೀರಿನ ವಾಸನೆ ಬೇರೆಯೇ ಇರುತ್ತೆ.

ಫೆಬ್ರವರಿ 12, ಬುಧವಾರ

ಅಧ್ಯಕ್ಷರು ಅಂಗಡಿಗೆ ಬಂದರು. ಕೂರಲಿಲ್ಲ. ಕೂತರೆ ಏಳುವುದು ಕಷ್ಟ ಅಂತಲೋ, ಸಿಟ್ಟು ಹೋಗುತ್ತೆ ಅಂತಲೋ.

"ನೀವು ನಂಗೆ ಮೋಸ ಮಾಡಿದ್ರಿ."

"ಮಾಡಿದೆ," ಅಂದೆ.

"ಅದಿರ್ಲಿ. ಸೋಮವಾರ ಕಳಸದ ದೇವಸ್ಥಾನಕ್ಕೆ ಬರ್ಬೇಕು. ಸಂಕ್ರಾಂತಿ ದಿನ ನಿಮ್ಮ ಮನೆಯಿಂದ ಹೋದವನು ರಾತ್ರಿಯೆಲ್ಲ ನಿದ್ದೆ ಮಾಡ್ಲಿಲ್ಲ. ಬೆಳಿಗ್ಗೆ ಎದ್ದು ಕಳಸಕ್ಕೆ ಹೋಗಿ ಹರಕೆ ಹೊತ್ತೆ. ಈ ಮನುಷ್ಯ ಉಳಿದ್ರೆ ಕರ್ಕೊಂಡು ಬಂದು ಬೆಲ್ಲದಲ್ಲಿ ತುಲಾಭಾರ ಮಾಡಿಸ್ತೀನಿ ಅಂತ."

ಸುತ್ತುತ್ತಿದ್ದ ಪಂಪಿನ ಪೈಪು ಕೆಳಗಿಟ್ಟೆ. ಆ ಮೂಸಂಬಿ, ಆ ಕಣ್ಣೀರು, ಇವನ್ನೆಲ್ಲ ನಾನು ಯಾವ ಬೆಲೆಗೆ ಹಿಡಿದಿದ್ದೆ!

"ಏಕಾಂತಪ್ಪನವ್ರೇ, ನಂಗೆ ಕಾಯಿಲೆನೇ ಇರ್ಲಿಲ್ವಲ್ಲ. ಹರಕೆ ಹೇಗೆ ಲೆಕ್ಕಕ್ಕೆ ಬರುತ್ತೆ?"

"ಅದು ನಿಮ್ಮ ಲೆಕ್ಕ. ನಾನು ಉಳಿಸಪ್ಪಾ ಅಂತ ಬೇಡ್ಕೊಂಡೆ, ನೀವು ನನ್ನ ಕಣ್ಮುಂದೆ ಬಣಕಲ್ ಏರು ಹತ್ತಿದ್ರಿ. ಅವನು ತನ್ನ ಕೆಲಸ ಮಾಡಿದಾನೆ. ಬೆಳಿಗ್ಗೆ ಆರಕ್ಕೆ ಜೀಪು ತರ್ತೀನಿ. ಹತ್ತಲ್ಲ ಅಂದ್ರೆ ನೋಡಿ."

ಫೆಬ್ರವರಿ 17, ಸೋಮವಾರ

ಕಳಸಕ್ಕೆ ಹೋಗಿ ಬಂದೆವು. ದಾರಿಯಲ್ಲಿ ಏಕಾಂತಪ್ಪನವರು ಮುಖ ಆ ಕಡೆ ತಿರುಗಿಸಿಕೊಂಡೇ ಕೂತಿದ್ದರು, ಘಾಟಿಯ ತಿರುವುಗಳಲ್ಲಿ ಮಾತ್ರ ನನ್ನ ತೋಳು ಹಿಡಿದುಕೊಳ್ಳುತ್ತಿದ್ದರು.

ತಕ್ಕಡಿಯ ತಟ್ಟೆಯಲ್ಲಿ ಚಕ್ಕಳಮಕ್ಕಳ ಹಾಕಿ ಕೂತೆ. ಆ ಕಡೆಯ ತಟ್ಟೆಗೆ ಅವರೇ ಬೆಲ್ಲದ ಅಚ್ಚುಗಳನ್ನು ಇಡಲು ಶುರು ಮಾಡಿದರು. ದೇವಸ್ಥಾನದವರು ಸಹಾಯಕ್ಕೆ ಬಂದರೆ ಬೇಡ ಅಂದರು. ಬಗ್ಗಿ ಒಂದೊಂದೇ ಎತ್ತಿ ಇಡುತ್ತಿದ್ದರು, ಪ್ರತಿ ಸಲವೂ ಶಿವಾ ಅನ್ನುತ್ತಿದ್ದರು. ಅಂಗಿ ಬೆವರಿನಲ್ಲಿ ಬೆನ್ನಿಗೆ ಅಂಟಿತ್ತು. "ನೀವು ಇನ್ನೊಂದೆರಡು ತಿಂಗಳು ಓಡಿ ಇಳಿದ ಮೇಲೆ ಬಂದಿದ್ರೆ ನನಗೆ ಬೆಲ್ಲನಾದ್ರೂ ಉಳೀತಿತ್ತು," ಅಂದರು. ಚುನಾವಣೆಯಾದ ಮೇಲೆ ನನ್ನ ಜೊತೆ ಆಡಿದ ಮೊದಲ ನಗೆಮಾತು. ಸ್ವಲ್ಪ ಹೊತ್ತಿಗೆ ನನ್ನ ತಟ್ಟೆ ಅಲ್ಲಾಡಿತು, ನೆಲ ಬಿಟ್ಟಿತು. ನಾನು ಅವರ ಕೈಯನ್ನೇ ನೋಡುತ್ತಿದ್ದೆ. ಎರಡೂ ಅಂಗೈ ಬೆಲ್ಲದಿಂದ ಅಂಟಂಟಾಗಿ ಕೆಂಪಾಗಿದ್ದವು.

ಮನೆಗೆ ಬಂದು ಪ್ರಸಾದ ಕೊಟ್ಟಾಗ ರುದ್ರಾಣಿ ಕೇಳಿದಳು, "ಎಷ್ಟು ಅಚ್ಚು ಇಟ್ರು?"

"ಗೊತ್ತಿಲ್ಲ. ಎಣಿಸ್ಲಿಲ್ಲ."

ಎಲ್ಲಕ್ಕೂ ಲೆಕ್ಕ ಇಡುವ ಗಂಡನ ಬಾಯಲ್ಲಿ ಈ ಮಾತು ಅವಳು ಕೇಳಿದ್ದು ಇದೇ ಮೊದಲು. ಹತ್ತಿರ ಬಂದು, ಜ್ವರ ಏನಾದರೂ ಇದೆಯಾ ಅಂತ ಹಣೆ ಮುಟ್ಟಿ ನೋಡಿದಳು.